ಅಪ್ಪನ ಎಡಗಣ್ಣು

ನೀರಿನ ಟ್ಯಾಂಕ್ ತೊಳೆಯೋಕೆ ಏಣಿ ಹತ್ತಬೇಡಿ ಅಂತ ಬಡ್ಕೊಂಡಿದ್ದೆ. ಅಪ್ಪ ಯಾರ ಮಾತು ಕೇಳಿದವರು? ಜಾಲಹಳ್ಳಿಯ ಮನೆ ಮೇಲಿಂದ ಬಿದ್ದು, ಹೆಬ್ಬಾಳದ ಆಸ್ಪತ್ರೆ ಸೇರೋ ಹೊತ್ತಿಗೆ ಪ್ರಜ್ಞೆ ಇರಲಿಲ್ಲ. ಮಿದುಳಿಗೆ ಪೆಟ್ಟಾಗಿದೆ, ಬುರುಡೆಯೊಳಗೆ ಒತ್ತಡ ಏರಿದರೆ ಜೀವಕ್ಕೇ ಅಪಾಯ, ಕಾದು ನೋಡೋಣ ಅಂದರು ಡಾಕ್ಟರು.

ಸಂಜೆ ನಾಲ್ಕಕ್ಕೆ ಅಪ್ಪನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದವರೇ ಓಡೋಡಿ ಬಂದರು. "ಎಡಗಣ್ಣಿನ ಪಾಪೆ ಬೆಳಕಿಗೆ ಕುಗ್ತಾ ಇಲ್ಲ. ಒತ್ತಡ ಏರಿರಬೇಕು. ಬುರುಡೆಗೆ ಸಣ್ಣ ತೂತು ಹಾಕಿ, ತಂತಿ ಇಳಿಸಿ ಅಳೀಬೇಕು. ರಕ್ತ ಸೋರಬಹುದು, ನಂಜಾಗಬಹುದು. ಸಹಿ ಹಾಕಿ."

ಕುಗ್ಗೋದು ಹೇಗೆ? ಅದು ಗಾಜಿನ ಕಣ್ಣು! ನಾನು ಹುಟ್ಟೋ ಮುಂಚೆಯೇ ಫ್ಯಾಕ್ಟರಿಯಲ್ಲಿ ಕಬ್ಬಿಣದ ಚೂರು ಹಾರಿ ಹೋಗಿದ್ದ ಕಣ್ಣು. ಒಕ್ಕಣ್ಣನ ಮಗಳು ಅಂತ ಸಂಬಂಧ ಮುರಿದುಬಿದ್ದರೆ ಅಂತ ಹೆದರಿ, ನನ್ನನ್ನ ನೋಡೋಕೆ ಬಂದ ದಿನ ಅಪ್ಪ ಬಣ್ಣದ ಕನ್ನಡಕ ಹಾಕ್ಕೊಂಡು ಕೂತಿದ್ದರು. ಮದುವೆಯಾಗಿ ಮೂರು ವರ್ಷವಾದರೂ ನಮ್ಮಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ. ಈಗ ಅತ್ತೆ, ನನ್ನ ಗಂಡ ಇಬ್ಬರೂ ಪಕ್ಕದಲ್ಲೇ ನಿಂತಿದ್ದರು. ಅಮ್ಮ ನನ್ನ ಕೈ ಹಿಸುಕಿದಳು. ಡಾಕ್ಟರ ಮಾತು ಅವಳಿಗೆ ಅರ್ಥವಾಗಿತ್ತೋ ಇಲ್ಲವೋ, ನನಗಂತೂ ಪೂರ್ತಿ ಅರ್ಥವಾಗಿತ್ತು.

ಆದರೂ ಪೆನ್ನು ತಗೊಂಡು ಸಹಿ ಹಾಕಿದೆ. ಥೂ, ನನ್ನ ಜನ್ಮಕ್ಕಿಷ್ಟು!

ನರ್ಸಮ್ಮ ಅಪ್ಪನ ತಲೆ ಬೋಳಿಸೋಕೆ ರೇಜರ್ ತಂದರು. ಆಗ ತಡೆಯೋಕಾಗಲಿಲ್ಲ. "ನಿಲ್ಸಿ! ಅದು ಗಾಜಿನ ಕಣ್ಣು ಕಣ್ರೀ!" ಅಂತ ವಾರ್ಡಿಗೆಲ್ಲ ಕೇಳೋ ಹಾಗೆ ಕಿರುಚಿಬಿಟ್ಟೆ.

ಡಾಕ್ಟರು ಬಗ್ಗಿ ನೋಡಿ, "ಮೊದಲೇ ಹೇಳೋಕೇನಾಗಿತ್ತಮ್ಮ?" ಅಂತ ರೇಗಿದರು. ಸರಿಯಾಗೇ ರೇಗಿದರು. ಆಮೇಲೆ, ಬಸುರಿಯರಿಗೆ ಮಾಡ್ತಾರಲ್ಲ, ಆ ಸ್ಕ್ಯಾನ್ ಮಷೀನ್ ತರಿಸಿದರು. ಮುಚ್ಚಿದ ಬಲಗಣ್ಣಿನ ರೆಪ್ಪೆ ಮೇಲೆ ಜೆಲ್ ಹಚ್ಚಿ, ಮಷೀನಿನ ಹಿಡಿಯನ್ನ ಹಗುರವಾಗಿ ಇಟ್ಟು ನೋಡಿದರು. ಒಳಗೆ ಒತ್ತಡ ಏರಿದ್ದರೆ ಕಣ್ಣಿನ ಹಿಂದಿನ ನರದ ಹೊದಿಕೆ ಊದಿಕೊಳ್ಳುತ್ತಂತೆ. ಒಂದು ಸಲ ಅಳೆದರು. ಮತ್ತೆ ಅಳೆದರು. ಅವರ ಮುಖ ನೋಡೋ ಧೈರ್ಯ ನನಗಿರಲಿಲ್ಲ.

"ಊದಿಲ್ಲ. ಸದ್ಯಕ್ಕೆ ತೂತು ಬೇಡ. ಆಗಾಗ ಹೀಗೇ ನೋಡ್ತಿರ್ತೀವಿ."

ಅತ್ತೆ, ಅಮ್ಮನಿಗೆ ಕಾಫಿ ತರ್ತೀನಿ ಅಂತ ಕ್ಯಾಂಟೀನಿಗೆ ಹೋದರು.

ಮೂರನೇ ದಿನ ಅಪ್ಪನಿಗೆ ಎಚ್ಚರವಾಯಿತು. ಈಗ ಮನೆಗೆ ಬಂದವರಿಗೆಲ್ಲ ಹೇಳ್ತಾರೆ: "ನನ್ನ ಮಗಳು ಮಾನಮರ್ಯಾದೆ ಅಂತ ಒಂದು ಗಳಿಗೆನೂ ಯೋಚಿಸಲಿಲ್ಲ." ಮೊದಲು ಸಹಿ ಹಾಕಿದ್ದೆ ಅಂತ ಅವರಿಗೆ ಹೇಳೋ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.