ಆರು ನಿಮಿಷದ ನಡಿಗೆ

ಜನ್ನಾಪುರದ ಜಂಬಣ್ಣನವರು ಭದ್ರಾವತಿ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟರಾಗಿದ್ದರು. “ಶಿವಮೊಗ್ಗ, ಶಿವಮೊಗ್ಗ, ಸೀಟಿದೆ ಬನ್ನಿ” ಎಂದು ಅವರು ಕೂಗಿದರೆ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೂ ಲೋಟ ಇಟ್ಟು ಎದ್ದು ಬರುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೂಗುತ್ತಾ ಕೂಗುತ್ತಾ ಎದೆ ಹಿಡಿದು ಕುಸಿದರು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಶಶಿಧರ್ ಬೈಪಾಸ್ ಆಪರೇಷನ್ ಮಾಡಿ ಉಳಿಸಿದರು. ಮನೆಗೆ ಹೊರಡುವ ದಿನ ಡಾಕ್ಟರೇ ತೋಳು ಹಿಡಿದು ಮೆಟ್ಟಿಲು ಇಳಿಸಿದ್ದನ್ನು ಜಂಬಣ್ಣನವರು ಮರೆಯಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕೈಮುಗಿಯುವಾಗ ಡಾಕ್ಟರ ಹೆಸರನ್ನೂ ಸೇರಿಸಿ ಹೇಳುತ್ತಿದ್ದರು.

ಆ ಡಾಕ್ಟರು ಒಂದು ಸಂಶೋಧನೆ ಮಾಡುತ್ತಿದ್ದರು. ತಾವು ಆಪರೇಷನ್ ಮಾಡಿದವರು ವರ್ಷಗಳಾದ ಮೇಲೆ ಹೇಗಿದ್ದಾರೆ ಎಂದು ತಿಳಿಯುವುದು ಅದರ ಉದ್ದೇಶ. ಅದಕ್ಕಾಗಿ ಸಂಧ್ಯಾ ಎಂಬ ಹುಡುಗಿ ಆಗಾಗ ಫೋನ್ ಮಾಡುತ್ತಿದ್ದಳು.

“ನಡೆದ್ರೆ ಉಸಿರು ಕಟ್ಟುತ್ತಾ ಅಂಕಲ್?”

“ಇಲ್ಲಮ್ಮ.”

“ರಾತ್ರಿ ಮಲಗೋಕಾಗುತ್ತಾ?”

“ಮಗು ಮಲಗಿದಂಗೆ ಮಲಗ್ತೀನಿ. ನಿಮ್ಮ ಡಾಕ್ಟ್ರಿಗೆ ನಮಸ್ಕಾರ ಹೇಳಮ್ಮ.”

ಮೊದಲ ಎರಡು ವರ್ಷ ಅದು ನಿಜವೇ ಆಗಿತ್ತು. ಮೂರನೆಯ ವರ್ಷದಿಂದ ಮಲಗಿದರೆ ಉಸಿರು ಸಿಕ್ಕಿಕೊಳ್ಳತೊಡಗಿತು. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದರು. ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಗುರುತು ಬೀಳುತ್ತಿತ್ತು. ನಿಲ್ದಾಣದಲ್ಲಿ ಮೂರು ಸಲ ಕೂಗಿ ಕಂಬ ಹಿಡಿದು ನಿಲ್ಲುತ್ತಿದ್ದರು.

“ಏನ್ ಮಾರಾಯ, ಕಂಬ ಬೀಳುತ್ತೆ ಅಂತ ಹಿಡ್ಕೊಂಡಿದೀಯಾ?” ಎಂದು ಡ್ರೈವರ್ ಲಿಂಗಪ್ಪ ಕಿಟಕಿಯಿಂದ ಕೇಳುತ್ತಿದ್ದ.

“ನೀನು ಗುದ್ದಿ ಗುದ್ದಿ ಸಡಿಲ ಮಾಡಿದೀಯಲ್ಲ, ಅದಕ್ಕೆ” ಎನ್ನುತ್ತಿದ್ದರು ಜಂಬಣ್ಣನವರು. ಅಷ್ಟು ಹೇಳಿ ಮುಗಿಸಲಿಕ್ಕೂ ಒಮ್ಮೆ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು.

ಹೆಂಡತಿ ವೀರಮ್ಮನವರಿಗೆ ಎಲ್ಲವೂ ಗೊತ್ತಿತ್ತು. “ಫೋನಲ್ಲಿ ಯಾಕೆ ಸುಳ್ಳು ಹೇಳ್ತೀರಿ? ಕೇಳೋಕೆ ಅಂತಾನೇ ಮಾಡ್ತಾರಲ್ಲ” ಎಂದು ಜಗಳ ತೆಗೆದರು.

“ಉಂಡ ಮನೆ ಜಂತೆ ಎಣಿಸಬಾರದು ಕಣೇ. ಸಾಯೋನನ್ನ ಬದುಕಿಸಿದಾರೆ. ನೀವು ಮಾಡಿದ್ದು ಸರಿಯಾಗಿಲ್ಲ ಅಂತ ಅವರ ಮುಖಕ್ಕೆ ಹೇಳ್ಲಾ?”

“ಸರಿಯಾಗಿಲ್ಲ ಅನ್ನಬೇಡಿ. ಮಲಗೋಕಾಗ್ತಿಲ್ಲ ಅನ್ನಿ ಸಾಕು.”

“ಎರಡೂ ಒಂದೇ.”

ವೀರಮ್ಮನವರಿಗೆ ಎರಡೂ ಒಂದೇ ಅನ್ನಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಸಂಧ್ಯಾ ಇಬ್ಬರನ್ನೂ ಆಸ್ಪತ್ರೆಗೆ ಕರೆದಳು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ನೋಡುವ ಪರೀಕ್ಷೆ ಅದು. ಜಂಬಣ್ಣನವರು ಮೂರು ದಿನ ನಿಲ್ದಾಣಕ್ಕೆ ಹೋಗದೆ ಸುಧಾರಿಸಿಕೊಂಡರು. ಉಪ್ಪು ಬಿಟ್ಟರು, ಊತಕ್ಕೆಂದು ಔಷಧಿ ಅಂಗಡಿಯಿಂದ ತಾವೇ ತಂದುಕೊಳ್ಳುತ್ತಿದ್ದ ನೀರಿಳಿಸುವ ಮಾತ್ರೆಯನ್ನು ಒಂದರ ಬದಲು ಎರಡು ನುಂಗಿದರು. ಕೊನೆಗೂ ಬುದ್ಧಿ ಬಂತು ಎಂದು ವೀರಮ್ಮನವರು ಸಂತೋಷಪಟ್ಟರು. ಅದು ಡಾಕ್ಟರ ಮುಂದೆ ಚೆನ್ನಾಗಿ ನಡೆದು ತೋರಿಸುವ ಸಿದ್ಧತೆ ಎಂದು ಅವರಿಗೆ ಹೊಳೆಯಲಿಲ್ಲ.

ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ನೆಲಕ್ಕೆ ಗುರುತು ಅಂಟಿಸಿದ್ದರು. “ಓಡಬೇಡಿ ಅಂಕಲ್. ಸುಸ್ತಾದ್ರೆ ನಿಂತ್ಕೊಳ್ಳಿ. ನಿಂತಿದ್ದನ್ನೂ ನಾವು ಬರ್ಕೋಬೇಕು” ಎಂದಳು ಸಂಧ್ಯಾ. ಅಷ್ಟರಲ್ಲಿ ಡಾಕ್ಟರು ನಾಲ್ಕೈದು ವಿದ್ಯಾರ್ಥಿಗಳ ಜೊತೆ ಬಂದರು. “ಇವರು ಜಂಬಣ್ಣ, ನಮ್ಮ ಹಳೇ ಪೇಷಂಟು. ಹೇಗಿದಾರೆ ನೋಡಿ” ಎಂದು ಹೆಮ್ಮೆಯಿಂದ ತೋರಿಸಿದರು.

ಆಮೇಲೆ ಜಂಬಣ್ಣನವರು ನಿಲ್ಲುವ ಮಾತೇ ಇರಲಿಲ್ಲ. ಬಸ್ಸು ಬಿಟ್ಟುಹೋಗುತ್ತದೆ ಎನ್ನುವವರ ಹಾಗೆ ಬೀಸುಗಾಲಲ್ಲಿ ನಡೆದರು. ತುಟಿ ಬಿಗಿಹಿಡಿದು, ಕಣ್ಣು ನೆಲಕ್ಕೆ ನೆಟ್ಟು, ಗುರುತಿನಿಂದ ಗುರುತಿಗೆ ತಿರುಗಿದರು. ಮುಗಿದಾಗ ಡಾಕ್ಟರು ಬೆನ್ನು ತಟ್ಟಿದರು. ವೀರಮ್ಮನವರು ಧೈರ್ಯ ಮಾಡಿ, “ಸಾರ್, ರಾತ್ರಿ ಇವರು ಕೂತೇ...” ಎಂದು ಶುರುಮಾಡಿದರು.

“ಅವಳಿಗೆ ಎಲ್ಲಾದಕ್ಕೂ ಗಾಬರಿ ಸಾರ್. ರಾತ್ರಿ ಬೆಕ್ಕು ಓಡಿದ್ರೂ ಎದ್ದು ಕೂರ್ತಾಳೆ” ಎಂದು ಜಂಬಣ್ಣನವರು ನಕ್ಕರು. ವಿದ್ಯಾರ್ಥಿಗಳೂ ನಕ್ಕರು. ವೀರಮ್ಮನವರು ಗೋಡೆಯ ಕಡೆಗೆ ಸರಿದರು.

ಎಕೋ ತೆಗೆಸಿಕೊಂಡು ಹೋಗಿ, ಮಧ್ಯಾಹ್ನದವರೆಗೆ ಕಾಯಬೇಕು ಎಂದಳು ಸಂಧ್ಯಾ. ಹೃದಯವನ್ನು ಪರದೆಯ ಮೇಲೆ ತೋರಿಸುವ ಆ ಯಂತ್ರದ ಮುಂದೆ ನಾಟಕ ನಡೆಯುವುದಿಲ್ಲ ಎಂದು ಜಂಬಣ್ಣನವರಿಗೆ ಗೊತ್ತಿತ್ತು. ಕೆಲಸಕ್ಕೆ ಹೊತ್ತಾಯಿತು, ಇನ್ನೊಂದು ದಿನ ಬರ್ತೀನಿ ಎಂದರು. ಹೊರಗೆ ಬಂದವರು ಶೌಚಾಲಯದ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಬರಲಿಲ್ಲ. ಬಂದಾಗ ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ವಾಪಸ್ ಒಳಗೆ ಹೋಗೋಣ ಎಂದು ವೀರಮ್ಮನವರು ಕೈ ಹಿಡಿದು ಎಳೆದರು. ಅವರು ಕೈ ಬಿಡಿಸಿಕೊಂಡು ಬಸ್ಸು ಹತ್ತಿದರು.

ಇನ್ನೊಂದು ದಿನ ಅವರು ಹೋಗಲಿಲ್ಲ. ದೀಪಾವಳಿಗೆ ಮೊದಲು ಶ್ವಾಸಕೋಶದಲ್ಲಿ ನೀರು ತುಂಬಿ, ಬಾಯಲ್ಲಿ ನೊರೆ ಬಂದು, ಆಂಬುಲೆನ್ಸಿನಲ್ಲಿ ಅದೇ ಆಸ್ಪತ್ರೆ ಸೇರಿದರು. ಬೈಪಾಸಿನಲ್ಲಿ ಹೊಲಿದ ರಕ್ತನಾಳಗಳಲ್ಲಿ ಎರಡು ಮುಚ್ಚಿಹೋಗಿದ್ದವು. ಹೃದಯದ ಸ್ನಾಯು ಸೋತುಹೋಗಿತ್ತು. ಬೇಸಿಗೆಯಲ್ಲೇ ಗೊತ್ತಾಗಿದ್ದರೆ ಸ್ಟೆಂಟ್ ಹಾಕಿ ನೋಡಬಹುದಿತ್ತು, ಈಗ ಮಾತ್ರೆ ಬಿಟ್ಟು ಬೇರೆ ದಾರಿ ಇಲ್ಲ ಎಂದರು ಡಾಕ್ಟರು.

“ಯಾಕ್ರೀ ಹೇಳಲಿಲ್ಲ?”

“ನಿಮಗೆ ಬೇಜಾರಾಗುತ್ತೆ ಅಂತ ಸಾರ್.”

ಡಾಕ್ಟರು ಹಾಸಿಗೆಯ ಸರಳಿಗೆ ತೂಗಿದ್ದ ಚಾರ್ಟು ತೆಗೆದು ಮೊದಲಿಂದ ಓದಿದರು.

ಹೋದ ತಿಂಗಳು ಡಾಕ್ಟರು ತಾವಾಗಿಯೇ ಜನ್ನಾಪುರದ ಮನೆಗೆ ಬಂದರು. ವೀರಮ್ಮನವರು ಕಾಫಿ ಕೊಟ್ಟರು. ಜಂಬಣ್ಣನವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇತ್ತು, ಅದು ಆಗಲೇ ಮುಗಿದಿತ್ತು. ಅವರು ಡಾಕ್ಟರ ಲೋಟವನ್ನೇ ನೋಡುತ್ತಾ ಕೂತಿದ್ದರು.

ಚೆನ್ನಾಗಿದ್ದೀವಿ ಅಂದವರನ್ನೆಲ್ಲ ಮತ್ತೆ ಕರೆಸಿ ಎಕೋ ಮಾಡಿಸುತ್ತಿದ್ದೇನೆ ಎಂದರು ಡಾಕ್ಟರು. ಹೀಗೆ ಮುಚ್ಚಿಟ್ಟವರು ಇನ್ನೂ ಕೆಲವರು ಸಿಕ್ಕಿದ್ದರು.

“ಅವರು ಉಳೀತಾರಾ ಸಾರ್?”

“ಕೆಲವರು ಉಳೀಬಹುದು.”

“ನಾನು?”

ಡಾಕ್ಟರು ಅವರ ಊದಿದ ಪಾದವನ್ನು ಬೆರಳಿಂದ ಒತ್ತಿದರು. ಒತ್ತಿದಲ್ಲಿ ಗುಳಿ ಬಿತ್ತು.

ಹೊರಡುವಾಗ ವೀರಮ್ಮನವರು ಗೇಟಿನವರೆಗೆ ಹೋಗಿ ಕೇಳಬೇಕಾದ್ದನ್ನು ಕೇಳಿದರು. ಒಳಗೆ ಬಂದಾಗ ಜಂಬಣ್ಣನವರು ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದರು.

“ಏನಂದ್ರು?”

ವೀರಮ್ಮನವರು ಖಾಲಿ ಲೋಟ ಎತ್ತಿಕೊಂಡರು.

“ಮಳೆಗಾಲ ಕಾಣೋದು ಕಷ್ಟ ಅಂದ್ರು.”

ಜಂಬಣ್ಣನವರು ತಲೆಯಾಡಿಸಿದರು. ವೀರಮ್ಮನವರು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಲೋಟ ತೊಳೆದರು.