ಹರಡಿನ ಹಿಂದಿನ ಹುರಿ

ಮೊಮ್ಮಕ್ಕಳೇ, ಹೋದ ಚಳಿಗಾಲದಲ್ಲಿ ನಾನು ನಿಮಗೆ ನೀರು ಕೊಡುವುದನ್ನೇ ಬಿಟ್ಟಿದ್ದೆ. ಯಾಕೆಂದು ನೀವು ಕೇಳಿದಾಗ ಹೇಳಲು ನಾಚಿಕೆಯಾಗಿತ್ತು. ಈಗ ಬರೆಯುತ್ತೇನೆ.

ಒಂದು ಸಂಜೆ ಎಣ್ಣೆ ತಿಕ್ಕಿಕೊಳ್ಳುವಾಗ ಕಾಲಿನ ಹರಡಿನ ಒಳಮಗ್ಗುಲಲ್ಲಿ, ಉಬ್ಬಿದ ಎಲುಬಿನ ಹಿಂದೆ ಬಾವು ಕಂಡಿತು. ಒತ್ತಿದರೆ ನೋವು. ಪಾದ ತಿರುಗಿಸಿದರೆ ಚರ್ಮದ ಕೆಳಗೆ ಹುರಿಯಂಥದ್ದು ಜಾರುತ್ತಿತ್ತು. ನಾರುಹುಣ್ಣು ಎಂದುಕೊಂಡೆ.

ನಿಮಗೆ ಅದರ ಹೆಸರೂ ಗೊತ್ತಿಲ್ಲ. ನಾನು ಸಣ್ಣವಳಿದ್ದಾಗ ಸುರಪುರದ ಕಡೆಯ ನಮ್ಮೂರಲ್ಲಿ ಮೆಟ್ಟಿಲಿಳಿದು ಬಾವಿಯ ನೀರು ತರುತ್ತಿದ್ದೆವು. ಆ ನೀರು ಕುಡಿದವರ ಮೈಯೊಳಗೆ ದಾರದಂಥ ಹುಳ ಬೆಳೆದು ಕಾಲಲ್ಲಿ ಹೊರಬರುತ್ತಿತ್ತು. ನನ್ನ ಅವ್ವ ಅದನ್ನು ಕಡ್ಡಿಗೆ ಸುತ್ತಿ, ಹರಿಯದಂತೆ ದಿನಕ್ಕಿಷ್ಟು ಎಳೆಯುತ್ತಿದ್ದಳು. ಹುಣ್ಣಿದ್ದವರು ನೀರಿಗಿಳಿದರೆ ಊರಿಗೆಲ್ಲ ಬರುತ್ತದೆ ಎಂದು ಶಾಲೆಯಲ್ಲಿ ಹೇಳಿದ್ದರು. ಆ ರೋಗ ದೇಶದಿಂದಲೇ ಹೋಗಿದೆ ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ನನ್ನಿಂದ ನಿಮಗೆ ಬಂದೀತೆಂದು ಕೊಡದ ಹತ್ತಿರ ಹೋಗಲಿಲ್ಲ.

ನಿಮ್ಮವ್ವನಿಗೆ ಸಿಟ್ಟು ಬಂತು. "ಯಾಕ್ರಿ ಅತ್ತಿ, ನಾ ತುಂಬಿದ ಕೊಡಕ್ಕ ಏನಾಗ್ಯಾದ? ಮುಟ್ಟವಲ್ರಲ್ಲ."

ಸೀರೆಯ ಅಂಚು ಎತ್ತಿ ತೋರಿಸಿದೆ. ಅವಳು ನೆಲದ ಮೇಲೆ ಕುಳಿತುಬಿಟ್ಟಳು. "ಇಷ್ಟು ಬಾತಾದ, ಬಾಯಿ ಇಲ್ಲೇನ್ರಿ ನಿಮಗ?"

ಮರುದಿನ ಶಹಾಪುರದಿಂದ ಯಾದಗಿರಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ಹುಳದ ಮಾತನ್ನು ನೆಲ ನೋಡುತ್ತ ಹೇಳಿದೆ. ಅವಳು ನಗಲಿಲ್ಲ. ಒಂಟಿಗಾಲಲ್ಲಿ ನಿಂತು ಹಿಮ್ಮಡಿ ಎತ್ತಲು ಹೇಳಿದಳು. ಗೋಡೆ ಹಿಡಿದು ನೋವಿನಲ್ಲೇ ಎತ್ತಿದೆ. ಆಮೇಲೆ ಸ್ಕ್ಯಾನ್ ಮಾಡಿ ಪರದೆಯ ಮೇಲೆ ತೋರಿಸಿದಳು. ನಡುವೆ ಬಿಳಿ ಹುರಿ, ಸುತ್ತಲೂ ಕಪ್ಪಗೆ ನೀರು.

"ಹುಳ ಅಲ್ರಿ ಯಮ್ಮಾ, ಇದು ನಿಮ್ಮದೇ ಸ್ನಾಯುವಿನ ಹುರಿ. ಮೀನಖಂಡದಿಂದ ಇಳಿದು, ಎಲುಬಿನ ಹಿಂದ ಹಾದು, ಪಾದದ ಕಮಾನು ಎತ್ತಿ ಹಿಡಿತದ. ಲಂಗದ ಮಡಿಕ್ಯಾಗ ಲಾಡಿ ಹ್ಯಾಂಗ ಜಾರತದ, ಹಂಗ ಇದಕ್ಕೂ ಒಂದು ಚೀಲ ಅದ. ಒಳಗ ಜಿಡ್ಡಿನ ನೀರು. ಈಗ ಚೀಲ ಬಾತು ನೀರು ಹೆಚ್ಚಾಗ್ಯಾದ."

"ಮಕ್ಕಳಿಗಿ ಹತ್ತತದೇನ್ರಿ?" ಎಂದು ಕೇಳಿದೆ.

"ಒಬ್ಬರ ಲಾಡಿ ಇನ್ನೊಬ್ಬರಿಗಿ ಹತ್ತತದೇನು? ಆದ್ರ ಹಂಗೇ ದುಡದ್ರ ಹುರಿ ಎಳಿ ಎಳಿಯಾಗಿ ಬಿಚ್ಚತದ, ಪಾದ ಚಪ್ಪಟಿ ಆಗತದ. ನೋವು ಇಳಿಯೂತನಕ ಕೊಡ ಹೊರಬ್ಯಾಡ್ರಿ. ಪಟ್ಟಿ ಕಟ್ಟಿ, ಕಾಲು ಮ್ಯಾಲಿಟ್ಟು ಕೂಡ್ರಿ."

"ಅವ್ರು ಕೊಡ ಮುಟ್ಟೂದು ಬಿಟ್ಟು ಭಾಳ ದಿನ ಆತ್ರಿ" ಎಂದಳು ನಿಮ್ಮವ್ವ. ಆಗ ಮೂವರೂ ನಕ್ಕೆವು.

ಮರಳುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ನಿಮ್ಮವ್ವ ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಜನ ನೋಡುತ್ತಾರೆ ಎಂದೆ. "ನೋಡ್ಲಿ ಬಿಡ್ರಿ" ಎಂದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟು ದಿನ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಯಾದಗಿರಿ ಬಿಟ್ಟೊಡನೆ ಬರುವ ಭೀಮಾ ಸೇತುವೆ ದಾಟುವ ಮೊದಲೇ ನಿದ್ದೆ ಹತ್ತಿತು.