ಲಿಪ್‌ಸ್ಟಿಕ್ ಅತ್ತೆ ಮತ್ತು ಬಲಗಾಲಿನ ಹಿಮ್ಮಡಿ

ಐಸ್ ಹಾಕಿ ಎಂಬ ಆಟದ ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆ ಹಾಸಿದ ಅಂಗಳದಲ್ಲಿ, ಗ್ಯಾಲರಿಯ ಮೆಟ್ಟಿಲ ಕೆಳಗೆ ಒಂದು ಪುಟ್ಟ ರೂಮಿದೆ. ಎತ್ತರದವರು ಒಳಗೆ ಹೋಗುವಾಗ ತಲೆ ಬಗ್ಗಿಸಲೇಬೇಕು, ಇಲ್ಲದಿದ್ದರೆ ತೊಲೆಯೇ ಬಗ್ಗಿಸುತ್ತದೆ. ಅಲ್ಲಿ ಕೂತು ಸ್ಕೇಟ್, ಅಂದರೆ ಅಡಿಗೆ ಬ್ಲೇಡ್ ಇರುವ ಬೂಟು, ಸರಿಮಾಡುವವರನ್ನು ಎಲ್ಲರೂ ಲಿಪ್‌ಸ್ಟಿಕ್ ಅತ್ತೆ ಅಂತಲೇ ಕರೆಯುವುದು. ಅರವತ್ತೊಂದು ವಯಸ್ಸು. ತುಟಿಗೆ ಒಂದು ದಿನವೂ ಬಣ್ಣ ಹಚ್ಚಿದವರಲ್ಲ. ಆದರೆ ಮೇಜಿನ ಡ್ರಾಯರ್ ಎಳೆದರೆ ಹತ್ತು ಹದಿನೈದು ಕೆಂಪು ಲಿಪ್‌ಸ್ಟಿಕ್ ಉರುಳುತ್ತವೆ. ಕಾಲಿನಲ್ಲಿ ನೋಯುವ ಮೂಳೆಗೆ ಅದನ್ನು ಬಳಿದು, ಬರಿಗಾಲನ್ನೇ ಸ್ಕೇಟಿನೊಳಗೆ ಇಡಿಸಿ, ಲೇಸ್ ಕಟ್ಟಿ, ಮಂಡಿ ಬಗ್ಗಿಸಿ ನಿಲ್ಲಿಸುತ್ತಾರೆ. ಕಾಲು ತೆಗೆದಾಗ ಒಳಗೆ ಕೆಂಪು ಗುರುತು ಬಿದ್ದಿರುತ್ತದೆ. ಆ ಜಾಗಕ್ಕೆ ಬಿಸಿಗಾಳಿ ಊದಿ, ಒಂದು ತುದಿಗೆ ಗುಂಡು, ಇನ್ನೊಂದು ತುದಿಗೆ ಬಳೆ ಇರುವ ಉದ್ದನೆಯ ಇಕ್ಕಳದಿಂದ ಒತ್ತಿದರೆ, ಕಲ್ಲಿನಂಥ ಸ್ಕೇಟು ಅಲ್ಲಿ ಮಾತ್ರ ಚೂರು ಹೊರಗೆ ಉಬ್ಬುತ್ತದೆ. ಮೂಳೆಗೆ ಒಂದು ಗುಳಿ ಸಿಕ್ಕಿತು, ಅಷ್ಟೇ.

ಇದನ್ನೆಲ್ಲ ಅವರಿಗೆ ಯಾರೂ ಕಲಿಸಲಿಲ್ಲ. ಮೊದಲು ಇಪ್ಪತ್ತೆರಡು ವರ್ಷ ಒಂದು ಕಾರ್ಖಾನೆಯಲ್ಲಿ, ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ಸೊಟ್ಟಗಿರುವವರಿಗೆ ಬೂಟು ಹೊಲಿಯುತ್ತಿದ್ದರು. ಸ್ವತಃ ಐಸ್ ಮೇಲೆ ಒಂದು ಹೆಜ್ಜೆ ಇಟ್ಟವರಲ್ಲ. ಆದರೂ ಆಟಗಾರ್ತಿ ಬಾಗಿಲು ದಾಟಿ ಕುರ್ಚಿಗೆ ಬರುವಷ್ಟರಲ್ಲಿ ಯಾವ ಕಾಲು, ಯಾವ ಕಡೆ ಅಂತ ಹೇಳಿಬಿಡುತ್ತಾರೆ. ಕಾಲು ನೋಯುತ್ತದೆಂದು ದೊಡ್ಡ ಸೈಜ್ ಕೊಳ್ಳಲು ಹೊರಟವರನ್ನು ಕಂಡರೆ ಮಾತ್ರ ಅವರಿಗೆ ಆಗದು. ಬಾಗಿಲು ತಲೆಗೆ ತಾಗುತ್ತೆ ಅಂತ ಯಾರಾದರೂ ಮನೆ ಮಾರುತ್ತಾರಾ ಎಂದು ಕೇಳಿ ವಾಪಸ್ ಕಳಿಸುತ್ತಾರೆ.

ಇಂಥ ಅತ್ತೆಯ ಹತ್ತಿರ ಒಂದು ಮಂಗಳವಾರ ಬಸ್ ಡ್ರೈವರ್ ಅಕ್ಕ ಬಂದಳು. ಊರಿನ ಬಸ್ ಓಡಿಸುವವಳು, ಹೆಂಗಸರ ತಂಡದಲ್ಲಿ ಡಿಫೆನ್ಸ್ ಆಡುವವಳು, ಅಂದರೆ ನುಗ್ಗಿ ಬರುವವರಿಗೆ ಮುಖಮಾಡಿ ಹಿಂದಕ್ಕೆ ಜಾರುತ್ತಲೇ ತಡೆಯುವವಳು. ಜೊತೆಗೆ ಅವಳಿಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ. ಅಕ್ಕನ ಬಲ ಹಿಮ್ಮಡಿಯ ಹಿಂದೆ ನೆಲ್ಲಿಕಾಯಿ ಗಾತ್ರದ ಉಬ್ಬು ಎದ್ದಿತ್ತು. ಎರಡು ತಿಂಗಳಿಂದ ಕೆಂಪಾಗಿ ಕುದಿಯುತ್ತಿತ್ತು. ಡಾಕ್ಟರು ಮೂಳೆ ಕೆರೆಸಬೇಕು, ಇಲ್ಲವೇ ಆಟ ಬಿಡಬೇಕು ಎಂದಿದ್ದರು. ಬಿಡುವುದಕ್ಕೆ ಅವಳು ಅರ್ಧ ಮನಸ್ಸು ಮಾಡಿಯೂ ಆಗಿತ್ತು. ಆದರೆ ಆ ಶನಿವಾರದ ಆಟದಲ್ಲಿ ಕೋಚ್ ಅಕ್ಕತಂಗಿಯರನ್ನು ಮೊದಲ ಸಲ ಜೋಡಿಯಾಗಿ ಇಳಿಸುವವರಿದ್ದರು. ತಂಗಿಗೆ ಕೈಹಿಡಿದು ಸ್ಕೇಟಿಂಗ್ ಕಲಿಸಿದವಳೇ ಅಕ್ಕ. ಆ ಒಂದು ಆಟ ಆಡಿಬಿಟ್ಟರೆ ಸಾಕು ಅಂತ ಅವಳ ಆಸೆ.

"ಹಿಂದಕ್ಕೆ ಹೋಗೋವಾಗ್ಲೇ ಜಾಸ್ತಿ ನೋವು ಅತ್ತೆ," ಎಂದಳು.

"ಬಸ್ಸಲ್ಲಿ ರಿವರ್ಸು ಎಷ್ಟು ಚೆನ್ನಾಗಿ ಹಾಕ್ತಾಳೆ ಗೊತ್ತಾ," ಅಂದಳು ತಂಗಿ. "ಐಸ್ ಮೇಲೆ ಮಾತ್ರ ಗೇರೇ ಬೀಳಲ್ಲ."

ಅತ್ತೆ ನಗಲಿಲ್ಲ. ಲಿಪ್‌ಸ್ಟಿಕ್ ಬಳಿದರು, ಹಿಮ್ಮಡಿಯನ್ನು ಹಿಂದಕ್ಕೆ ಒದ್ದು ಕೂರಿಸಲು ಹೇಳಿದರು, ತಾವೇ ಮಂಡಿಯೂರಿ ಲೇಸ್ ಕಟ್ಟಿದರು. ಮುಕ್ಕಾಲು ಗಂಟೆಯಲ್ಲಿ ಗುಳಿ ರೆಡಿಯಾಯಿತು. ಅಕ್ಕ ರೂಮಿನ ರಬ್ಬರ್ ಹಾಸಿನ ಮೇಲೆ ಹತ್ತು ನಿಮಿಷ ನಡೆದಳು, ಬಗ್ಗಿದಳು, ಎದ್ದಳು. ಒಂದಿಷ್ಟೂ ನೋವಿಲ್ಲ. ಬಂದಾಗ ಹುಳಿ ತಿಂದವಳ ಹಾಗಿದ್ದ ಮುಖ ಹೋಗುವಾಗ ಅರಳಿತ್ತು.

ಗುರುವಾರ ಪ್ರಾಕ್ಟೀಸ್ ಮುಗಿಯುತ್ತಲೇ ತಂಗಿ ಅಕ್ಕನ ಸ್ಕೇಟ್ ಹಿಡಿದು ಸಿಡಿಮಿಡಿಗುಟ್ಟುತ್ತ ಬಂದಳು. ನೋವು ಮೊದಲಿಗಿಂತ ಹೆಚ್ಚಾಗಿತ್ತು. ಅಕ್ಕ ಇಪ್ಪತ್ತು ನಿಮಿಷಕ್ಕೇ ಐಸ್ ಬಿಟ್ಟು, ಬಸ್ ಸ್ಟಾಪಿನ ತನಕ ಗೋಡೆ ಹಿಡಿದು ನಡೆದಿದ್ದಳಂತೆ. ಸ್ಕೇಟ್ ಕೆಟ್ಟುಹೋಯಿತು ಅಂತ ತಂಗಿಯ ದೂರು. ಬೇರೆ ಯಾರಾದರೂ ಆಗಿದ್ದರೆ ಗುಳಿಯನ್ನು ಇನ್ನಷ್ಟು ದೊಡ್ಡದು ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಅತ್ತೆ ಇಕ್ಕಳ ಮುಟ್ಟಲಿಲ್ಲ. ಗುಳಿಯೊಳಗೆ ಬೆರಳಾಡಿಸಿ ನೋಡಿದರು. ರೂಮಿನಲ್ಲಿ ಸರಿಯಿದ್ದದ್ದು ಐಸ್ ಮೇಲೆ ಯಾಕೆ ಕೆಟ್ಟಿತು? ನಾಳೆ ಪ್ರಾಕ್ಟೀಸ್ ಶುರುವಾದ ಐದು ನಿಮಿಷಕ್ಕೆ ಅಕ್ಕನನ್ನು ಕರೆದುಕೊಂಡು ಬಾ, ಸ್ಕೇಟ್ ಬಿಚ್ಚದೆ, ಲೇಸ್ ಮುಟ್ಟದೆ, ಇದ್ದ ಹಾಗೇ ಬರಬೇಕು ಅಂದರು.

ಶುಕ್ರವಾರ ಅಕ್ಕ ಬ್ಲೇಡಿಗೆ ಕವರ್ ಹಾಕಿಕೊಂಡು ಕುಂಟುತ್ತ ಬಂದಳು. ಅತ್ತೆ ಸ್ಕೇಟನ್ನು ನೋಡಲೇ ಇಲ್ಲ, ನೇರವಾಗಿ ಲೇಸಿನ ಕೆಳಗೆ ಬೆರಳು ತೂರಿಸಿದರು. ಎಡಗಾಲಿನಲ್ಲಿ ಉಗುರೂ ಹೋಗಲಿಲ್ಲ. ಬಲಗಾಲಿನಲ್ಲಿ ಎರಡು ಬೆರಳು ಸಲೀಸಾಗಿ ಹೋದವು.

"ಇದನ್ನ ಕಟ್ಟಿದ್ದು ಯಾರು?"

"ನಾನೇ," ಅಂದಳು ಅಕ್ಕ ತಟ್ಟನೆ.

"ಒಂದೇ ಕೈ ಎರಡು ಥರ ಗಂಟು ಹಾಕುತ್ತಾ ತಾಯಿ?"

ತಂಗಿ ಹೆಲ್ಮೆಟ್ಟಿನ ಪಟ್ಟಿಯನ್ನು ತಿರುಚುತ್ತ ನಿಂತಿದ್ದಳು. ಅಕ್ಕ ಡ್ಯೂಟಿ ಮುಗಿಸಿ ಓಡೋಡಿ ಬರುವುದು, ಸಮಯ ಇರುವುದಿಲ್ಲ, ಅದಕ್ಕೆ ಇಬ್ಬರೂ ಒಂದೊಂದು ಕಾಲು ಹಂಚಿಕೊಂಡಿದ್ದರು. ಎಡದ್ದು ಅಕ್ಕನ ಪಾಲು, ಬಲದ್ದು ತಂಗಿಯ ಪಾಲು.

"ಅವಳು ಹಲ್ಲು ಕಚ್ಚೋದು ನೋಡಕ್ಕಾಗಲ್ಲ ಅತ್ತೆ," ಅಂದಳು ತಂಗಿ. "ಅದಕ್ಕೆ ಸ್ವಲ್ಪ ಸಡಿಲ ಬಿಡ್ತಿದ್ದೆ. ಎರಡು ತಿಂಗಳಿಂದ."

ಅಕ್ಕ ತಲೆ ತಗ್ಗಿಸಿದಳು. ಅವಳಿಗೂ ಗೊತ್ತಿತ್ತು. ಕಟ್ಟುವಾಗ ಹಾಯೆನಿಸುತ್ತಿತ್ತು, ಅದಕ್ಕೇ ಸುಮ್ಮನಿದ್ದಳು. ಐಸ್ ಮೇಲೆ ಹೋದಮೇಲೆ ಆ ಸಡಿಲದಲ್ಲಿ ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೆದ್ದು ಕೆಳಗೆ ಬೀಳುತ್ತಿತ್ತು. ಉಬ್ಬು ಗುಳಿಯಲ್ಲಿ ಕೂರುವ ಬದಲು ಗುಳಿಯ ಅಂಚಿಗೆ ಉಜ್ಜುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು ಸ್ಕೇಟಿನ ಪಾಡು.

ಈಗ ಬೈಗುಳ ಶುರುವಾಗುತ್ತದೆಂದು ಇಬ್ಬರೂ ಕಾದರು. ಅತ್ತೆ ತಮ್ಮ ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತರು.

"ತಪ್ಪು ನಂದೂ ಇದೆ," ಅಂದರು. "ಲೇಸ್ ನಾನು ಕಟ್ಟಿ ಅಳತೆ ತಗೊಂಡೆ. ಐಸ್ ಮೇಲೆ ಹೋಗೋದು ನನ್ನ ಕೈಯಲ್ಲ, ಇವಳ ಕೈ. ಯಾರು ಕಟ್ತಾರೆ ಅಂತ ನಾನು ಮೊದಲೇ ಕೇಳಬೇಕಿತ್ತು."

ನಲವತ್ತು ವರ್ಷ ಕಾಲು ನೋಡಿದ ಹೆಂಗಸು, ತನ್ನ ಮಗಳ ವಯಸ್ಸಿನವರ ಮುಂದೆ ಹೀಗೆ ಹೇಳುವುದೆಂದರೆ ಸುಮ್ಮನೆಯಾ? ಹೇಳಿ, ಮುಂದಿನ ಕೆಲಸಕ್ಕೆ ಕೈಹಾಕಿದರು. ಉಬ್ಬಿನ ಎರಡೂ ಪಕ್ಕಕ್ಕೆ ಅರ್ಧಚಂದ್ರದ ಹಾಗೆ ದಪ್ಪ ಉಣ್ಣೆಬಟ್ಟೆ ಕತ್ತರಿಸಿ ಅಂಟಿಸಿದರು, ಹಿಮ್ಮಡಿ ಅಲ್ಲಾಡಬಾರದೆಂದು. ಆಮೇಲೆ ತಂಗಿಯನ್ನು ನೆಲಕ್ಕೆ ಕೂರಿಸಿ ಲೇಸ್ ಕಟ್ಟಿಸಿದರು, ಬಿಚ್ಚಿಸಿದರು, ಮತ್ತೆ ಕಟ್ಟಿಸಿದರು. ಬೆರಳಿನ ಹತ್ತಿರ ಮೆತ್ತಗೆ, ಪಾದ ಮಡಿಯುವ ಕಡೆ ಗಟ್ಟಿ. ಆರನೇ ಸಲ ಅತ್ತೆಯ ಬೆರಳು ಒಳಗೆ ಹೋಗಲಿಲ್ಲ.

ಶನಿವಾರ ಬಟ್ಟೆ ಬದಲಾಯಿಸುವ ರೂಮಿನಲ್ಲಿ ತಾವೇ ಕಟ್ಟಿಕೊಡಿ ಅಂತ ತಂಗಿ ಅತ್ತೆಯನ್ನು ಗೋಗರೆದಳು. ಅತ್ತೆ ಸೆರಗಿನೊಳಗೆ ಕೈ ಕಟ್ಟಿಕೊಂಡು ಬಾಗಿಲಲ್ಲೇ ನಿಂತರು. ತಂಗಿ ಎಳೆದಳು. ಅಕ್ಕನ ದವಡೆ ಬಿಗಿಯಿತು. ತಂಗಿಯ ಕೈ ನಿಂತಿತು.

"ನನ್ನ ಮುಖ ನೋಡ್ಬೇಡ ಕಣೇ," ಅಂದಳು ಅಕ್ಕ. "ಲೇಸ್ ನೋಡು. ಎಳಿ."

ತಂಗಿ ಕಣ್ಣೊರೆಸಿಕೊಂಡು ಎಳೆದಳು.

ಅತ್ತೆಗೆ ಹಾಕಿಯ ನಿಯಮ ಇವತ್ತಿಗೂ ಅಷ್ಟಕ್ಕಷ್ಟೆ. ಚೆಂಡೂ ಅಲ್ಲದ ಆ ಕಪ್ಪು ಬಿಲ್ಲೆಯ ಹಿಂದೆ ಅಷ್ಟು ಜನ ಯಾಕೆ ಓಡಬೇಕು ಅಂತ ಅವರ ಪ್ರಶ್ನೆ. ಅವರು ಗಾಜಿನ ಗೋಡೆಗೆ ಅಂಟಿಕೊಂಡು ನೋಡಿದ್ದು ಒಂದು ಹಿಮ್ಮಡಿಯನ್ನು ಮಾತ್ರ. ಎದುರು ತಂಡದವಳು ನುಗ್ಗಿ ಬಂದಳು. ಅಕ್ಕ ಗಕ್ಕನೆ ತಿರುಗಿ ಹಿಂದಕ್ಕೆ ಜಾರತೊಡಗಿದಳು, ಎರಡು ಮಾರು ದೂರದಲ್ಲಿ ತಂಗಿಯೂ. ನಾಲ್ಕು ಕಾಲು ಒಂದೇ ತಾಳಕ್ಕೆ ಹೋದವು. ಹಿಮ್ಮಡಿ ಏಳಲಿಲ್ಲ. ಎರಡನೇ ಸಲ, ಮೂರನೇ ಸಲ, ಐದನೇ ಸಲ. ಅಕ್ಕ ತಂಗಿಗೆ ಏನೋ ಕಿರುಚಿ ಹೇಳುತ್ತಿದ್ದಳು, ಬಹುಶಃ ಬೈಗುಳವೇ ಇರಬೇಕು, ತಂಗಿ ಕಿವಿತನಕ ಬಾಯಿ ಮಾಡಿಕೊಂಡು ನಗುತ್ತಿದ್ದಳು.

ಸ್ಕೋರ್ ಎಷ್ಟೆಂದು ಪಕ್ಕದವರನ್ನು ಅತ್ತೆ ಕೇಳಲಿಲ್ಲ. ರೂಮಿನ ಮುಂದೆ ಯಾರೋ ಸ್ಕೇಟ್ ಹಿಡಿದು ಕಾಯುತ್ತಿದ್ದರು, ಅತ್ತೆ ತಲೆ ಬಗ್ಗಿಸಿ ಒಳಗೆ ಹೋದರು. ಬಂದವಳು ಕೂರುವ ಮೊದಲೇ ಕೇಳಿದರು: "ನಿನ್ನ ಲೇಸ್ ಯಾರಮ್ಮ ಕಟ್ಟೋದು?"